ಅಕ್ಕನ ತಟ್ಟೆಗೆ ಉಪ್ಪು ಬೇಡ

ಫೆಬ್ರುವರಿ ೬, ಗುರುವಾರ

"ಆಯ್ತು, ಬರ್ತೀನಿ" ಎಂದುಬಿಟ್ಟೆ. ಫೋನಿನ ಆ ಕಡೆ ಅಕ್ಕ "ನಿಜವಾಗ್ಲೂನಾ?" ಎಂದು ಎರಡೆರಡು ಸಲ ಕೇಳಿದಳು. ಅಮ್ಮ ಹೋದ ಮೇಲೆ ಅವಳು ಹತ್ತು ಮಾತಾಡಿದರೆ ನಾನು ಒಂದು "ಹೂಂ" ಕೊಟ್ಟವಳು, ಅದೂ ಮೂಗಿನಿಂದ. ಅಂಥವಳು ಕರೆದ ತಕ್ಷಣ ಹಡಗು ಹತ್ತಲು ಒಪ್ಪಿದರೆ ಬುದ್ಧಿ ಇರುವ ಯಾರಿಗಾದರೂ ಅನುಮಾನ ಬರಬೇಕಿತ್ತು. ಅವಳು "ತುಂಬಾ ಸಂತೋಷ ಆಯ್ತು ಪುಟ್ಟಿ" ಎಂದಳು. ಪಡಲಿ ಸಂತೋಷ, ಇನ್ನೆಷ್ಟು ದಿನ.

ಅಕ್ಕನಿಗೆ ಅರವತ್ತು ತುಂಬುತ್ತದೆ ಎಂದು ಅವಳ ಮಗ ಕೊಡಿಸಿದ ಉಡುಗೊರೆ ಈ ಕ್ರೂಸ್. ಇಬ್ಬರಿಗೆ ಒಂದು ಕ್ಯಾಬಿನ್, ಊಟ ತಿಂಡಿ ಎಲ್ಲ ಅದರಲ್ಲೇ. ಭಾವ ಬಸ್ಸಿನಲ್ಲಿ ಕೂತರೇ ಕೈಯಲ್ಲಿ ಕವರ್ ಹಿಡಿದುಕೊಳ್ಳುವ ಮನುಷ್ಯ, ಸಮುದ್ರ ಎಂದ ಕೂಡಲೇ ಕೈ ಎತ್ತಿದರು. ಉಳಿದವಳು ನಾನು. ಗಂಡನಿಲ್ಲ, ಮಕ್ಕಳಿಲ್ಲ, ದಂತವೈದ್ಯರ ಕ್ಲಿನಿಕ್ಕಿನಲ್ಲಿ ಬಂದವರನ್ನು ಸಾಲಾಗಿ ಕೂರಿಸುವ ಕೆಲಸ. ಎಲ್ಲರ ಕಣ್ಣಿಗೂ ನಾನು ಯಾವಾಗಲೂ ಖಾಲಿ ಇರುವ ಕುರ್ಚಿ.

ಹಡಗಿನಲ್ಲಿ ಮನಸ್ಸು ಕರಗಿಬಿಟ್ಟೀತೆಂದು ಇಲ್ಲಿ ಬರೆದಿಡುತ್ತೇನೆ. ಅಮ್ಮ ಅಕ್ಕನ ಮನೆಯಲ್ಲಿದ್ದಳು. ಅಲ್ಲಿಗೆ ನನ್ನ ಮನೆಯಿಂದ ಬಸ್ಸಿನಲ್ಲಿ ಗಂಟೆಯ ದಾರಿ. ಅವಳು ಹೋಗುವ ಹಿಂದಿನ ಸಂಜೆಯೇ ಡಾಕ್ಟರು ಬಂದು, ಇನ್ನು ಹೆಚ್ಚು ಹೊತ್ತಿಲ್ಲ ಎಂದು ಹೇಳಿ ಹೋಗಿದ್ದರಂತೆ. ನನಗೆ ಫೋನ್ ಬಂದದ್ದು ಬೆಳಕು ಹರಿದ ಮೇಲೆ, ಎಲ್ಲ ಮುಗಿದ ಮೇಲೆ. ನೈಟಿಯ ಮೇಲೊಂದು ಕೋಟು ಎಳೆದುಕೊಂಡು, ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಮನೆ ತುಂಬ ಜನ. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಗರಿಗರಿಯಾಗಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ. ಇಸ್ತ್ರಿ ಮಾಡಲು ಅವಳಿಗೆ ಹೊತ್ತಿತ್ತು, ನನಗೆ ಫೋನ್ ಮಾಡಲು ಇರಲಿಲ್ಲ. ಅವಳ ಬೀಗರಿಬ್ಬರೂ ನನ್ನ ಕಾಲನ್ನೇ ನೋಡುತ್ತಿದ್ದರು.

ಅವಳಿಗೆ ಗಂಡ, ಮಗ, ಸೊಸೆ ಎಲ್ಲ ಇದ್ದರು. ನನಗಿದ್ದವಳು ಅಮ್ಮ ಒಬ್ಬಳು. ಯಾಕೆ ಕರೆಯಲಿಲ್ಲ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಏನಾದರೊಂದು ಕಾರಣ ಹೇಳುತ್ತಾಳೆ, ಅಕ್ಕನ ಕಾರಣಗಳು ಯಾವಾಗಲೂ ಸರಿಯಾಗಿಯೇ ಇರುತ್ತವೆ. ನನಗೆ ಕಾರಣ ಬೇಡ. ಅವಳು ಒಂದು ಸಲ ಎಲ್ಲರ ಮುಂದೆ, ಅದೇ ಬೀಗರ ಮುಂದೆ, ತಲೆ ತಗ್ಗಿಸಿ ನಿಲ್ಲಬೇಕು. ಅದಾದ ಮೇಲೆ ಇಬ್ಬರ ದಾರಿ ಇಬ್ಬರಿಗೆ.

ಫೆಬ್ರುವರಿ ೮, ಶನಿವಾರ

ಟಿಕೆಟ್ ಆಫೀಸಿಗೆ ಹೋಗಿ ಬಂದೆ. ಅಲ್ಲಿಯ ಹೆಂಗಸು ಬಾಯಿ ತುಂಬ ಮಾತಾಡುವವಳು, ನನಗೆ ಬೇಕಾಗಿದ್ದೂ ಅಂಥವಳೇ. ಮಾತ್ರೆ ಔಷಧಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದು ಸಂಜೆಗೆ ಎಂದಳು. ಬೆಂಕಿಯ ಭಯಕ್ಕೆ ಇಸ್ತ್ರಿ ಪೆಟ್ಟಿಗೆ ಬಿಡುವುದಿಲ್ಲ ಎಂದಳು. ಪಥ್ಯ ಇರುವವರು ಊಟದ ಹಾಲ್‌ನ ಮೇಲ್ವಿಚಾರಕನಿಗೆ ಮೊದಲ ದಿನವೇ ಹೇಳಬೇಕು, ಅವನು ಪ್ರತಿ ಸಂಜೆ ನಿಮ್ಮ ಟೇಬಲ್ಲಿಗೇ ಬಂದು ಮರುದಿನ ಏನು ಮಾಡಿಸಲಿ ಎಂದು ಕೇಳುತ್ತಾನೆ ಎಂದಳು.

ಕೊನೆಗೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಒಂದು ಮಾತ್ರ ಮರೀಬೇಡಿ. ಕೊನೇ ಸಂಜೆ ಪೆಟ್ಟಿಗೆನೆಲ್ಲ ಕ್ಯಾಬಿನ್ ಬಾಗಿಲ ಹೊರಗೆ ಇಟ್ಟುಬಿಡಬೇಕು, ಅವರು ತಗೊಂಡು ಹೋಗ್ತಾರೆ. ಬೆಳಿಗ್ಗೆ ಹಾಕ್ಕೊಳ್ಳೋ ಬಟ್ಟೆ ಕೈಯಲ್ಲಿ ಇಟ್ಕೊಂಡಿರಿ. ಪ್ರತಿ ಸಲ ಯಾರಾದ್ರೂ ಒಬ್ರು ಎಲ್ಲಾ ತುಂಬಿ ಕಳಿಸಿಬಿಟ್ಟು ನೈಟಿಲೇ ಇಳೀತಾರೆ!"

ದಾರಿಯುದ್ದಕ್ಕೂ ಆ ಮಾತನ್ನು ಚಪ್ಪರಿಸಿಕೊಂಡು ಬಂದೆ. ಪೆಟ್ಟಿಗೆಗಳು ಹಡಗಿನಿಂದ ನೇರ ಮನೆಗೆ ಹೋಗುವ ಹಾಗೆ ಅಕ್ಕನ ಮಗ ವ್ಯವಸ್ಥೆ ಮಾಡಿದ್ದಾನೆ. ಇಳಿದ ಕೂಡಲೇ ಎಲ್ಲರೂ ಹೋಟೆಲಿಗೆ, ಅರವತ್ತರ ಊಟಕ್ಕೆ. ಹಡಗುಕಟ್ಟೆಗೆ ಭಾವ, ಮಗ, ಸೊಸೆ, ಬೀಗರು ಎಲ್ಲರೂ ಬರುತ್ತಾರೆ, ಕ್ಯಾಮೆರಾ ಸಮೇತ. ಕರ್ಚೀಫಿಗೂ ಇಸ್ತ್ರಿ ಮಾಡುವ ನನ್ನ ಅಕ್ಕ ಅಲ್ಲಿ ನೈಟಿಯಲ್ಲಿ ನಿಂತಿರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಫೆಬ್ರುವರಿ ೯, ಭಾನುವಾರ

ಪೆಟ್ಟಿಗೆ ತುಂಬಲು ಅಕ್ಕನ ಮನೆಗೆ ಹೋಗಿದ್ದೆ. ಅಮ್ಮನ ಕೋಣೆಯಲ್ಲಿ ಮಂಚ ಇದ್ದ ಜಾಗದಲ್ಲಿ ಈಗ ಇಸ್ತ್ರಿ ಮೇಜು ಇದೆ. ನೋಡಿ ಹೊಟ್ಟೆಗೆ ಬೆಂಕಿ ಬಿತ್ತು. ಜಾಗ ಖಾಲಿಯಾಗುವುದನ್ನೇ ಕಾಯುತ್ತಿದ್ದಳೋ ಏನೋ.

ಅವಳು ಮಡಚಿ ಕೊಟ್ಟಳು, ನಾನು ತುಂಬಿದೆ. ಸಂಜೆ ಊಟಕ್ಕೆ ಬೇರೆ, ಡೆಕ್ಕಿನ ಮೇಲೆ ಓಡಾಡಲು ಬೇರೆ, ಚಳಿಗೆ ಬೇರೆ. ಎಲ್ಲ ಮುಗಿದ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಇಸ್ತ್ರಿ ಪೆಟ್ಟಿಗೆ ತಂದಳು. "ಇದಕ್ಕೆ ಜಾಗ ಆಗುತ್ತಾ ನೋಡು ಪುಟ್ಟಿ."

"ಆಗುತ್ತೆ ಬಿಡು" ಎಂದು ಮಧ್ಯದಲ್ಲೇ ಗೂಡು ಮಾಡಿ ಮಲಗಿಸಿದೆ. ದಂತವೈದ್ಯರ ಹತ್ತಿರ ಇಷ್ಟು ವರ್ಷ ಇದ್ದು ಕಲಿತದ್ದು ಅದೊಂದೇ, ಒಳಗೆ ಏನಾಗಲಿದೆ ಎಂದು ಗೊತ್ತಿದ್ದೂ ನಗುನಗುತ್ತಾ ಕೂರಿಸುವುದು. ಅವಳ ಬಿಪಿ ಮಾತ್ರೆಯನ್ನು ಮಾತ್ರ ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಸೇಡಿಗೂ ಒಂದು ಮರ್ಯಾದೆ ಬೇಡವೇ.

ಫೆಬ್ರುವರಿ ೧೧, ಮಂಗಳವಾರ

ಹಡಗಿನೊಳಗೆ ಕೂತು ಬರೆಯುತ್ತಿದ್ದೇನೆ. ಕ್ಯಾಬಿನ್ ಎಂದರೆ ಬೀರುವಿನೊಳಗೆ ಎರಡು ಮಂಚ ಇಟ್ಟ ಹಾಗಿದೆ. ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುವ ಹಾಗಿಲ್ಲ, ಒಬ್ಬರು ಕೂತರೆ ಮಾತ್ರ ಇನ್ನೊಬ್ಬರು ನಡೆಯಬಹುದು. ಜಗಳಕ್ಕೂ ಜಾಗವಿಲ್ಲ.

ಸಂಜೆ ನನ್ನ ಪೆಟ್ಟಿಗೆ ಬಂತು, ಅಕ್ಕನದು ಬರಲಿಲ್ಲ. ಬದಲಿಗೆ ಒಂದು ಕರೆ ಬಂತು, ಕೆಳಗಿನ ತಪಾಸಣೆ ಕೋಣೆಗೆ ಬರಬೇಕು ಎಂದು. ಮೇಜಿನ ಮೇಲೆ ಅಕ್ಕನ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಒಳಗಿನದೆಲ್ಲ ಹತ್ತು ಜನರ ಕಣ್ಣಿಗೆ. ಅಲ್ಲಿದ್ದವನು ಇಸ್ತ್ರಿ ಪೆಟ್ಟಿಗೆಗೆ ಚೀಟಿ ಕಟ್ಟಿ, "ಇಳಿಯೋವಾಗ ಇಸ್ಕೊಳ್ಳಿ ಅಮ್ಮ" ಎಂದ. ಅಕ್ಕನ ಮುಖ ಕೆಂಪಾಯಿತು. ಇಷ್ಟು ದಿನದಲ್ಲಿ ನನಗೆ ಮೊದಲ ಸಲ ಚೆನ್ನಾಗಿ ಹಸಿವಾಯಿತು.

ಊಟದ ಹಾಲ್‌ನ ಮೇಲ್ವಿಚಾರಕ ಸಣ್ಣ ಮನುಷ್ಯ, ಕೊರಳಿಗೆ ಕಪ್ಪು ಚಿಟ್ಟೆ ಟೈ. ನಾನು ಅವನನ್ನು ಚಿಟ್ಟೆ ಎಂದೇ ಕರೆದುಕೊಳ್ಳುತ್ತೇನೆ. ಅಕ್ಕ ಕೈ ತೊಳೆಯಲು ಹೋದಾಗ ಅವನು ಬಂದು, ಯಾರಿಗಾದರೂ ಪಥ್ಯ ಇದೆಯೇ ಎಂದು ಕೇಳಿದ.

ಇದನ್ನು ನಾನು ಯೋಚಿಸಿಟ್ಟಿರಲಿಲ್ಲ, ಬಾಯಿಗೆ ತಾನಾಗಿ ಬಂತು. "ನಮ್ಮಕ್ಕನಿಗೆ ಉಪ್ಪು ಪೂರ್ತಿ ಬಂದ್. ಒಂದು ಹರಳೂ ಬೀಳಬಾರದು. ಅವರಿಗೆ ಆ ವಿಷಯ ಎತ್ತಿದ್ರೆ ಬೇಜಾರಾಗತ್ತೆ, ಕೇಳಬೇಡಿ, ಸುಮ್ಮನೆ ಹಾಗೇ ಮಾಡಿಸಿಬಿಡಿ."

"ಅರ್ಥ ಆಯ್ತು ಮೇಡಂ" ಎಂದು ಎದೆ ಮೇಲೆ ಕೈ ಇಟ್ಟ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಎರಡನೆಯದನ್ನು ಅವಳು ನನ್ನಿಂದ ಕಿತ್ತುಕೊಂಡಳು. ಮೊದಲನೆಯದನ್ನು ನಾನು ಕಿತ್ತುಕೊಂಡಿದ್ದೇನೆ. ಅಮ್ಮನಿಗೂ ಅವಳು ಹೀಗೇ ಮಾಡುತ್ತಿದ್ದಳು. ಡಾಕ್ಟರು ಹೇಳಿದರೆಂದು ಜೈಲಿನ ಊಟ. ಭಾನುವಾರ ನಾನು ಹೋದಾಗ ಚೀಲದಲ್ಲಿ ಉಪ್ಪು ಹಾಕಿ ಹುರಿದ ಕಡಲೆಬೀಜ ಬಚ್ಚಿಟ್ಟುಕೊಂಡು ಹೋಗುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿ ಒಂದೊಂದನ್ನೇ ಚೀಪುತ್ತಿದ್ದಳು. "ಪುಟ್ಟಿ ಬಂದ್ರೆ ನನ್ನ ಬಾಯಿಗೆ ಜೀವ ಬರತ್ತೆ" ಎನ್ನುತ್ತಿದ್ದಳು, ಅಕ್ಕನಿಗೆ ಕೇಳುವ ಹಾಗೆ.

ಫೆಬ್ರುವರಿ ೧೨, ಬುಧವಾರ

ಸೂಪು, ಬೇಯಿಸಿದ ತರಕಾರಿ, ಮೀನು. ನನ್ನದರಲ್ಲಿ ಉಪ್ಪು, ಅವಳದರಲ್ಲಿ ಇಲ್ಲ. ಅವಳು ಒಂದು ಚಮಚ ಬಾಯಿಗಿಟ್ಟಳು. ತಟ್ಟೆ ನೋಡಿದಳು. ನಾನು ಕಿಟಕಿ ನೋಡಿದೆ. ಆಮೇಲೆ ತಟ್ಟೆ ಖಾಲಿ ಮಾಡಿದಳು.

"ಹೇಗಿದೆ ಊಟ?" ಎಂದೆ.

"ತುಂಬಾ ಚೆನ್ನಾಗಿದೆ" ಎಂದಳು.

ಸುಳ್ಳಿ. ನಾಲ್ಕು ದಿನ ಹೋಗಲಿ, ನಾಲಿಗೆಯೇ ಸತ್ಯ ಹೇಳುತ್ತದೆ.

ಫೆಬ್ರುವರಿ ೧೩, ಗುರುವಾರ

ಇವತ್ತೂ ಚೆನ್ನಾಗಿದೆಯಂತೆ.

ಫೆಬ್ರುವರಿ ೧೫, ಶನಿವಾರ

ಬಟ್ಟೆ ಮುಗಿದವು. ಕೆಳಗಿನ ಮಹಡಿಯಲ್ಲಿ ಎಲ್ಲರಿಗೂ ಸೇರಿ ಒಂದು ಒಗೆಯುವ ಕೋಣೆ ಇದೆ, ಒಂದು ಸಾಲು ವಾಷಿಂಗ್ ಮೆಷಿನ್, ಎದುರಿಗೆ ಡ್ರೈಯರ್. ಈ ಹಡಗಿನಲ್ಲಿ ನಿಜವಾದ ಯುದ್ಧ ನಡೆಯುವುದು ಅಲ್ಲಿಯೇ. ಮೇಲೆ ಮುತ್ತಿನ ಹಾರ ಹಾಕಿಕೊಂಡು ಮೆಲ್ಲಗೆ ಮಾತಾಡುವ ಹೆಂಗಸರು ಅಲ್ಲಿ ಒಂದು ಮೆಷಿನ್ನಿಗಾಗಿ ಮೊಣಕೈಯಲ್ಲಿ ತಿವಿಯುತ್ತಾರೆ.

ನನ್ನದೂ ಅಕ್ಕನದೂ ಸೇರಿಸಿ ಹಾಕಿ ಚಹಾ ಕುಡಿದು ಬಂದೆ. ನೋಡಿದರೆ ನಮ್ಮ ಮೆಷಿನ್ ಬೇರೆ ಯಾರದೋ ಬಟ್ಟೆ ತಿರುಗಿಸುತ್ತಿದೆ. ನಮ್ಮದು ನೆಲದ ಮೇಲೆ, ಒದ್ದೆ ಗುಡ್ಡೆ. ಎಲ್ಲಕ್ಕಿಂತ ಮೇಲೆ ಅಕ್ಕನ ಬಿಳಿ ಅಂಗಿ, ಅದರ ಮೇಲೆ ಒಂದು ಚಪ್ಪಲಿಯ ಅಚ್ಚು. ಪಕ್ಕದಲ್ಲಿ ಕೆಂಪು ಚಪ್ಪಲಿಯ ಹೆಂಗಸು ಪತ್ರಿಕೆ ಓದುತ್ತಾ ಕೂತಿದ್ದಳು.

"ಇದನ್ನ ತೆಗೆದು ಹಾಕಿದ್ದು ನೀವಾ?"

"ತಿರುಗೋದು ನಿಂತಿತ್ತು. ಕಾಯೋಕಾಗತ್ತಾ?"

"ನಿಮ್ಮ ಕೈಗೆ ಮೇಜು ಸಿಗಲಿಲ್ವಾ? ನಮ್ಮಕ್ಕನ ಬಟ್ಟೆ ನೆಲಕ್ಕೆ ಹಾಕೋಕೆ ನೀವ್ಯಾರು? ಅವಳು ಕರ್ಚೀಫಿಗೂ ಇಸ್ತ್ರಿ ಮಾಡೋಳು, ಗೊತ್ತಾ ನಿಮಗೆ?"

ಕೋಣೆಯೆಲ್ಲ ತಿರುಗಿ ನೋಡಿತು. ನಾನು ಅವಳ ಮೆಷಿನ್ ನಿಲ್ಲಿಸಿ, ಒಳಗಿದ್ದದ್ದನ್ನೆಲ್ಲ ನೀರು ಸೋರುವ ಹಾಗೆಯೇ ಎತ್ತಿ ಅವಳ ತೊಡೆಯ ಮೇಲೆ ಇಟ್ಟೆ, ಪತ್ರಿಕೆಯ ಸಮೇತ. ಅಕ್ಕನ ಅಂಗಿಯನ್ನು ಕೈಯಲ್ಲೇ ಉಜ್ಜಿ, ಅಚ್ಚು ಹೋಗುವ ತನಕ ಉಜ್ಜಿ, ಮತ್ತೆ ಹಾಕಿದೆ. ಇದು ಅಕ್ಕನ ಮೇಲಿನ ಪ್ರೀತಿಯಲ್ಲ. ಅವಳ ಮೇಲೆ ಸೇಡು ತೀರಿಸಿಕೊಳ್ಳುವ ಹಕ್ಕು ನನ್ನದು, ಕಂಡ ಕಂಡವರದ್ದಲ್ಲ.

ಇಸ್ತ್ರಿ ಇಲ್ಲದೆ ಏನು ಮಾಡುತ್ತಾಳೋ ನೋಡೋಣ ಎಂದುಕೊಂಡಿದ್ದೆ. ಬಟ್ಟೆ ಇನ್ನೂ ಸ್ವಲ್ಪ ತೇವ ಇರುವಾಗಲೇ ಹೊಲಿಗೆಗೆ ಹೊಲಿಗೆ ಸೇರಿಸಿ ಮಡಚಿ, ಹಾಸಿಗೆಯ ಕೆಳಗೆ ಹರಡಿ, ಅದರ ಮೇಲೆ ಮಲಗಿದಳು. ಅಮ್ಮನ ಉಪಾಯ. ಮನೆಯಲ್ಲಿ ಕರೆಂಟು ಹೋದಾಗ ನಮ್ಮ ಶಾಲೆಯ ಬಟ್ಟೆಗೆ ಅಮ್ಮ ಹೀಗೇ ಮಾಡುತ್ತಿದ್ದಳು. ನಾನು ಮರೆತೇಬಿಟ್ಟಿದ್ದೆ. ಅಕ್ಕನಿಗೆ ನೆನಪಿರುವುದು ನೋಡಿ ಅದಕ್ಕೂ ಸಿಟ್ಟು ಬಂತು.

ಫೆಬ್ರುವರಿ ೧೬, ಭಾನುವಾರ

ಅಕ್ಕನ ಕಾಲಿನ ಊತ ಇಳಿದಿದೆ! ಬೆರಳಿಗೆ ಕಚ್ಚಿಕೊಂಡಿದ್ದ ಉಂಗುರ ಸಲೀಸಾಗಿ ತಿರುಗುತ್ತಿದೆ. "ಸಮುದ್ರದ ಗಾಳಿ ಒಗ್ಗಿದೆ ನೋಡು ನನಗೆ" ಎಂದು ಡೆಕ್ಕಿನ ಮೇಲೆ ಸರಸರ ನಡೆಯುತ್ತಿದ್ದಾಳೆ. ನಾನು ಹಿಂದೆ ಏದುಸಿರು ಬಿಡುತ್ತಾ. ದುಡ್ಡು ಕೊಟ್ಟು ಆಸ್ಪತ್ರೆಯಲ್ಲಿದ್ದರೂ ಅವಳಿಗೆ ಇಷ್ಟು ಗುಣ ಕಾಣುತ್ತಿರಲಿಲ್ಲ. ನನ್ನ ಕೈಯಾರೆ ನಾನೇ.

ಇರಲಿ, ಕೊನೆಯ ಬೆಳಿಗ್ಗೆ ನನ್ನದು.

ಫೆಬ್ರುವರಿ ೧೭, ಸೋಮವಾರ

ಸಮುದ್ರ ಕೆಟ್ಟಿದೆ. ನಾನೂ. ಭಾವನಿಗೆ ನಕ್ಕಿದ್ದ ಶಾಪ ತಟ್ಟಿತು.

ನನ್ನ ನೈಟಿ ಹೊಲಸಾಯಿತು, ಅವಳೇ ಬದಲಾಯಿಸಿ, ಬಚ್ಚಲಲ್ಲಿ ಕೈಯಲ್ಲಿ ಒಗೆದು ಹಾಕಿದಳು. ತಲೆ ಎತ್ತಿ ಹಿಡಿದು ನೀರು ಕುಡಿಸುತ್ತಾಳೆ, ಒಂದು ಹನಿ ಚೆಲ್ಲುವುದಿಲ್ಲ. ಗಲ್ಲದ ಕೆಳಗೆ ಟವೆಲ್ ಇಡಲು ಮರೆಯುವುದಿಲ್ಲ. ಮಗ್ಗುಲು ಬದಲಿಸುವಾಗ ಬೆನ್ನಿಗೆ ದಿಂಬು ತಾನಾಗಿ ಬರುತ್ತದೆ. ಎಲ್ಲಿ ಕಲಿತಳೋ.

ಬೇಡ ಎನ್ನುವ ಶಕ್ತಿಯೂ ಇರಲಿಲ್ಲ.

ಫೆಬ್ರುವರಿ ೧೮, ಮಂಗಳವಾರ

ಇವತ್ತು ಎಲ್ಲರೂ ಅಲಂಕಾರ ಮಾಡಿಕೊಂಡು ಬರುವ ರಾತ್ರಿಯೂಟ. ಅಕ್ಕ ಹಾಸಿಗೆಯ ಕೆಳಗಿನಿಂದ ತೆಗೆದು ಹಾಕಿಕೊಂಡ ನೀಲಿ ರೇಷ್ಮೆಯಲ್ಲಿ ಒಂದು ಸುಕ್ಕಿಲ್ಲ. ಚಿಟ್ಟೆ ನಮ್ಮ ಟೇಬಲ್ಲಿಗೆ ಬಂದು, ಹೇಳಬೇಡ ಎಂದದ್ದನ್ನು ಮರೆತು, ಹೊಗಳಿಯೇ ಹೊಗಳಿದ.

"ನಿಮ್ಮ ತಂಗಿ ನಿಮ್ಮನ್ನ ಎಷ್ಟು ನೋಡ್ಕೋತಾರೆ ಮೇಡಂ! ಮೊದಲನೇ ದಿನಾನೇ ಹೇಳಿದ್ರು, ಅಕ್ಕನಿಗೆ ಒಂದು ಹರಳು ಉಪ್ಪೂ ಬೀಳಬಾರದು ಅಂತ. ನಿಮ್ಮ ಅಡುಗೆಗೆ ಬಾಣಲೆನೇ ಬೇರೆ ಇಟ್ಟಿದೀವಿ."

ನನ್ನ ಕೈಯ ಚಮಚ ಅಲ್ಲೇ ನಿಂತಿತು. ಅಕ್ಕ ನಕ್ಕಳು. "ಗೊತ್ತು. ಅವಳು ಹಾಗೇ."

ಅವನು ಹೋದ. "ಗೊತ್ತಿತ್ತಾ?" ಎಂದೆ.

"ಮೊದಲ ತುತ್ತಿಗೇ. ಅಮ್ಮನ ಊಟ ಅಲ್ವೇನೇ ಇದು? ಡಾಕ್ಟರು ಉಪ್ಪು ನಿಲ್ಲಿಸಿದ ಮೇಲೆ ಅವಳೊಬ್ಬಳಿಗೇ ಸಪ್ಪೆ ಬಡಿಸೋಕೆ ನನಗೆ ಮನಸ್ಸಾಗಲಿಲ್ಲ. ಅವಳ ಎದುರಿಗೆ ಕೂತು ಅದನ್ನೇ ನಾನೂ ತಿಂದೆ, ಅವಳು ಇರೋವರೆಗೂ. ಈಗ ಮನೆಯವರ ಜೊತೆ ಉಪ್ಪು ತಿಂದ್ರೂ ನನಗೆ ಬಾಯಿ ಉರಿಯತ್ತೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಹೇಳಿದ್ರೆ ನೀನು ಬೇರೆ ಏನಾದ್ರೂ ಹುಡುಕ್ತಿದ್ದೆ" ಎಂದು ತರಕಾರಿ ತಿಂದಳು.

ಯಾರು ಹೇಳಿದ್ದರು ಇವಳಿಗೆ, ಜೊತೆಗೆ ಕೂತು ತಿನ್ನು ಅಂತ? ಅಮ್ಮ ನನಗೆ ಒಂದು ದಿನವೂ ಹೇಳಲಿಲ್ಲ. ಅಮ್ಮನಿಗೆ ಕಣ್ಣು ಮಂಜಾಗಿತ್ತು, ಎದುರಿನ ತಟ್ಟೆಯಲ್ಲಿ ಏನಿದೆ ಎಂದು ಅವಳಿಗಾದರೂ ಗೊತ್ತಿತ್ತೋ ಇಲ್ಲವೋ. ಇದೆಲ್ಲ ನನ್ನ ಮುಂದೆ ಒಳ್ಳೆಯವಳಾಗುವ ನಾಟಕವೂ ಇರಬಹುದು. ಇದರಿಂದ ಆ ರಾತ್ರಿ ಬದಲಾಗುವುದಿಲ್ಲ. ಉಪ್ಪು ಬಿಟ್ಟವಳು ಫೋನನ್ನೂ ಬಿಡಬೇಕೆಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ಚಿಟ್ಟೆ ಮತ್ತೆ ಬಂದು ನಾಳೆಗೆ ಏನು ಎಂದು ಕೇಳಿದಾಗ ಬಾಯಿ ತಪ್ಪಿ "ಇಬ್ಬರಿಗೂ ಸಪ್ಪೆ" ಎಂದೆ. ರುಚಿ ನೋಡೋಣ ಎಂದು, ಅಷ್ಟೆ.

ಫೆಬ್ರುವರಿ ೧೯, ಬುಧವಾರ

ತಿನ್ನಲು ಆಗುವುದಿಲ್ಲ. ಗೋಡೆ ನೆಕ್ಕಿದ ಹಾಗೆ. ಅರ್ಧಕ್ಕೇ ಬಿಟ್ಟೆ. ಅಕ್ಕ ನನ್ನ ತಟ್ಟೆಯಲ್ಲಿ ಉಳಿದದ್ದನ್ನೂ ತನ್ನ ಕಡೆ ಎಳೆದುಕೊಂಡಳು.

ಫೆಬ್ರುವರಿ ೨೦, ಗುರುವಾರ, ಸಂಜೆ

ಮುಗಿಯಿತು.

ಊಟ ಬೇಗ ಆಯಿತು. ಅಕ್ಕ ಸ್ನಾನ ಮಾಡಿ ನೈಟಿ ಹಾಕಿಕೊಳ್ಳುತ್ತೇನೆ ಎಂದು ಬಚ್ಚಲಿಗೆ ಹೋದಳು. ಊಟಕ್ಕೆ ಹಾಕಿಕೊಂಡಿದ್ದನ್ನು ಕುರ್ಚಿಯ ಮೇಲೆ ಬಿಟ್ಟಿದ್ದಳು, ಅದು ಪೆಟ್ಟಿಗೆಗೆ ಹೋಯಿತು. ನಾಳೆ ಹಾಕಿಕೊಳ್ಳಲು ಹಾಸಿಗೆಯ ಕೆಳಗೆ ಇಟ್ಟಿದ್ದ ಬೂದು ಬಣ್ಣದ ಜೊತೆ, ಅದೂ ಹೋಯಿತು. ಸ್ವೆಟರ್, ಶಾಲು, ಒಳ್ಳೆಯ ಚಪ್ಪಲಿ, ಎಲ್ಲ. ಬೀಗ ಹಾಕಿ, ಚೀಟಿ ಕಟ್ಟಿ, ಬಾಗಿಲ ಹೊರಗೆ ಇಟ್ಟೆ. ನನ್ನ ಒಂದು ಜೊತೆ ಬಟ್ಟೆಯೂ ಕೋಟೂ ನನ್ನ ಕೈಚೀಲದಲ್ಲಿ ಭದ್ರವಾಗಿವೆ. ಈಗಷ್ಟೇ ಗಾಡಿಯ ಸದ್ದಾಯಿತು, ಪೆಟ್ಟಿಗೆಗಳನ್ನು ತಳ್ಳಿಕೊಂಡು ಹೋದರು.

ಬಚ್ಚಲಲ್ಲಿ ನೀರು ನಿಂತಿತು. ಅವಳು ಏನೋ ಗುನುಗುತ್ತಿದ್ದಾಳೆ. ಕುಣಿದಾಡುವಷ್ಟು ಖುಷಿಯಾಗಬೇಕಿತ್ತು. ಅಕ್ಷರಗಳು ಮಾತ್ರ ಸೊಟ್ಟ ಬೀಳುತ್ತಿವೆ. ಹಡಗಿನ ಕುಲುಕಾಟ.

ಫೆಬ್ರುವರಿ ೨೧, ಶುಕ್ರವಾರ

ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಪೆನ್ನು ಇಟ್ಟ ಮೇಲೆ ಆದದ್ದು ಮೊದಲು.

ಅಕ್ಕ ನೈಟಿಯಲ್ಲಿ ಬಂದು ಮಲಗಿದಳು. ಕೈಯನ್ನು ಹಾಸಿಗೆಯ ಕೆಳಗೆ ಹಾಕಿ ತಡಕಿದಳು. ಇನ್ನೊಂದು ಕಡೆ ತಡಕಿದಳು. ಕೈ ಹೊರಗೆ ತೆಗೆದಳು.

"ಹಾಕಿಬಿಟ್ಯಾ?"

"ಹೂಂ."

"ಎಲ್ಲಾನೂ?"

"ಎಲ್ಲಾನೂ."

ಕೂಗಾಡುತ್ತಾಳೆ ಎಂದು ಕಾದೆ. ಅವಳು ಛಾವಣಿ ನೋಡುತ್ತಾ ಮಲಗಿದ್ದಳು. "ಅವತ್ತು ನೀನು ಹೀಗೇ ಬಂದೆ" ಎಂದಳು. "ನೈಟಿ ಮೇಲೆ ಕೋಟು. ಒಂದು ನೀಲಿ ಚಪ್ಪಲಿ, ಒಂದು ಕಂದು. ಬಾಗಿಲಲ್ಲಿ ನಿನ್ನನ್ನ ನೋ‍ಡಿ ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು."

ಕೇಳುವುದಿಲ್ಲ ಎಂದಿದ್ದವಳು ನಾನು. ಬಾಯಿ ಕೇಳಿಬಿಟ್ಟಿತು. "ಇಸ್ತ್ರಿ ಮಾಡೋಕೆ ಹೊತ್ತಿತ್ತಲ್ಲ ನಿನಗೆ?"

"ಅವಳು ಹೋದ ಮೇಲೆ ಕೈ ನಿಲ್ತಿರಲಿಲ್ಲ ಪುಟ್ಟಿ. ಮನೆಯಲ್ಲಿದ್ದ ಬಟ್ಟೆನೆಲ್ಲ ಮಾಡ್ದೆ. ಅವಳ ಕರ್ಚೀಫು, ದಿಂಬಿನ ಚೀಲ, ಎಲ್ಲಾ. ಬೆಳಗಾದಾಗ ಕೊನೆಗೆ ಸಿಕ್ಕಿದ್ದು ನಾನು ಹಾಕ್ಕೊಂಡಿದ್ದು."

"ನನ್ನ ಯಾಕೆ ಕರೀಲಿಲ್ಲ?"

ಹೊದಿಕೆಯ ಅಂಚನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. ಸರಿಯಾದ ಕಾರಣ ಹುಡುಕುತ್ತಿದ್ದಾಳೆ ಎಂದುಕೊಂಡೆ. ಅವಳು ಹೇಳಿದ್ದು ಇದು.

"ಕರೆದಿದ್ರೆ ನೀನು ಬರ್ತಿದ್ದೆ. ಬಂದ ತಕ್ಷಣ ಅವಳು ನಿನ್ನ ಅಮ್ಮ ಆಗ್ತಿದ್ಲು. ಅಷ್ಟು ದಿನ ತೊಳೆದವಳು ನಾನು, ಒಗೆದವಳು ನಾನು, ಬೈಸಿಕೊಂಡವಳು ನಾನು. ಕೊನೇ ಒಂದು ರಾತ್ರಿ ನನ್ನವಳಾಗಿರ್ಲಿ ಅಂದುಕೊಂಡೆ. ತಪ್ಪು. ನನಗೆ ಗೊತ್ತು. ಆದರೆ ಅವಳು ನನಗೆ ಆಗಲೂ ಸಿಗಲಿಲ್ಲ. ಪುಟ್ಟಿ ಎಲ್ಲಿ, ಪುಟ್ಟಿ ಬಂದ್ಲಾ ಅಂತ ಒಂದೇ ಸಮ. ಕೊನೆಗೆ ತಡೆಯೋಕಾಗದೆ ನಾನೇ ಪುಟ್ಟಿ ಅಂದೆ. ನಿನ್ನ ಹಾಗೆ ಮೂಗಲ್ಲಿ ಮಾತಾಡ್ದೆ. ಉಪ್ಪು ತಂದ್ಯಾ ಅಂತ ಕೇಳಿದ್ಲು. ಬೆರಳಿಗೆ ಉಪ್ಪು ಅಂಟಿಸಿಕೊಂಡು ಬಂದು ಅವಳ ನಾಲಿಗೆಗೆ ಇಟ್ಟೆ. ನಕ್ಕಳು. ಅವಳ ಪಾಲಿಗೆ ಆ ರಾತ್ರಿ ನೀನೇ ಇದ್ದದ್ದು. ನಾನು ಇರಲೇ ಇಲ್ಲ."

ಹೊಡೆದುಬಿಡಬೇಕು ಅನ್ನಿಸಿತು. ಕಳ್ಳಿ. ಅಮ್ಮನನ್ನು ಕದ್ದದ್ದು ಸಾಲದೆಂದು ನನ್ನನ್ನೂ ಕದ್ದಿದ್ದಾಳೆ. ಗೋಡೆಗೆ ಮುಖ ಮಾಡಿ ಮಲಗಿದೆ. ಅವಳು ಅಳುವುದು ಕೇಳಿಸಿತು. ಅಳಲಿ ಎಂದುಕೊಂಡೆ. ನಾನೂ ಅತ್ತೆ, ಅದು ಬೇರೆ ವಿಷಯ.

ಬೆಳಿಗ್ಗೆ ಎದ್ದಾಗ ಅವಳು ನೈಟಿಯನ್ನೇ ಕೈಯಿಂದ ಸವರಿ ಸವರಿ ಸುಕ್ಕು ಬಿಡಿಸುತ್ತಾ ಮಂಚದ ತುದಿಯಲ್ಲಿ ಕೂತಿದ್ದಳು. ಬಟ್ಟೆ ಕೇಳಲಿಲ್ಲ. "ನಡಿ, ಹೀಗೇ ಬರ್ತೀನಿ" ಎಂದಳು. ನನ್ನ ಕೈಚೀಲದಲ್ಲಿದ್ದ ಜೊತೆ ತೆಗೆದು ಅವಳ ಮಡಿಲಿಗೆ ಎಸೆದೆ. ಕ್ಷಮೆ ಗಿಮೆ ಏನಿಲ್ಲ. ಅರವತ್ತು ವರ್ಷದವಳು ನೈಟಿಯಲ್ಲಿ ಇಳಿದರೆ ಜೊತೆಗೆ ನಡೆಯುವ ನನಗೂ ಅವಮಾನ, ಅಷ್ಟಕ್ಕೆ. ಬೇಡ ಎಂದಳು, ಬೈದೆ, ಹಾಕಿಕೊಂಡಳು. ತೋಳು ಅವಳಿಗೆ ಗಿಡ್ಡ, ಮಣಿಕಟ್ಟು ಹೊರಗೆ. ಕನ್ನಡಿಯಲ್ಲಿ ಅವಳನ್ನು ನೋಡಿ ಒಂದು ಕ್ಷಣ ನನ್ನನ್ನೇ ನೋಡಿದ ಹಾಗಾಯಿತು. ಮಂಜುಗಣ್ಣಿನವರು ಮೋಸಹೋಗುವುದು ಸಹಜ.

ನಾನು ನನ್ನ ನೈಟಿಯ ಮೇಲೆ ಕೋಟು ಹಾಕಿಕೊಂಡೆ. ಇಳಿಯುವ ಬಾಗಿಲಲ್ಲಿ ತಪಾಸಣೆಯವನು ಇಸ್ತ್ರಿ ಪೆಟ್ಟಿಗೆ ವಾಪಸು ಕೊಟ್ಟ. ಮಾತ್ರೆಯಿದ್ದ ನನ್ನ ಕೈಚೀಲ ಅಕ್ಕನ ಕೈಯಲ್ಲಿತ್ತು, ಹಾಗಾಗಿ ಇಸ್ತ್ರಿ ಪೆಟ್ಟಿಗೆಯನ್ನು ನಾನೇ ಹಿಡಿದುಕೊಂಡೆ. ನೈಟಿ, ಕೋಟು, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. ಹಾಗೆ ಇಳಿದೆ. ಕೆಂಪು ಚಪ್ಪಲಿಯ ಹೆಂಗಸು ದಾರಿ ಬಿಟ್ಟು ದೂರ ಸರಿದಳು.

ಹಡಗುಕಟ್ಟೆಯ ಹಾಲ್‌ನಲ್ಲಿ ಎಲ್ಲರೂ ಇದ್ದರು. ಎತ್ತಿದ ಕ್ಯಾಮೆರಾವನ್ನು ಸೊಸೆ ಹಾಗೇ ಇಳಿಸಿದಳು. ಬೀಗರಿಬ್ಬರೂ ಮೊದಲು ನನ್ನ ಮುಖ ನೋಡಿ, ಆಮೇಲೆ ಅಭ್ಯಾಸದಂತೆ ಕಾಲು ನೋಡಿದರು.

"ಇದೇನಮ್ಮ ಅವತಾರ?" ಎಂದರು ಭಾವ, ನನಗೆ.

ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಮುಂದೆ ಬಂದಳು. "ಅವಳನ್ನ ಏನೂ ಅನ್ನಬೇಡಿ. ಅವಳದ್ದನ್ನ ನಾನು ಹಾಕ್ಕೊಂಡು ಬಂದಿದೀನಿ. ತಪ್ಪು ನನ್ನದು, ಅವತ್ತೂ ನನ್ನದೇ" ಎಂದು ತಲೆ ತಗ್ಗಿಸಿ ನಿಂತಳು. ಯಾರಿಗೂ ಅರ್ಥವಾಗಲಿಲ್ಲ. ಭಾವ ಗಡಿಯಾರ ನೋಡಿಕೊಂಡು, ಹೋಟೆಲಿನಲ್ಲಿ ಟೇಬಲ್ ಕಾದಿರಿಸಿದೆ, ಹೊತ್ತಾಯಿತು ಎಂದರು.

ನೈಟಿಯಲ್ಲಿ ಹೋಟೆಲಿಗೆ ಹೋಗುವಂತಿರಲಿಲ್ಲ, ನನ್ನನ್ನು ದಾರಿಯಲ್ಲಿ ಮನೆಗೆ ಇಳಿಸುವುದೆಂದಾಯಿತು. ಅಕ್ಕ ತಾನೂ ನನ್ನ ಜೊತೆ ಇಳಿಯುತ್ತೇನೆ, ನೀವು ಉಂಡು ಬನ್ನಿ ಎಂದಳು. ಅರವತ್ತರ ಊಟ ಅವಳಿಲ್ಲದೆ ನಡೆಯಿತೋ ಇಲ್ಲವೋ ಗೊತ್ತಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ಮಧ್ಯೆ ಇಸ್ತ್ರಿ ಪೆಟ್ಟಿಗೆ ಕೂತಿತ್ತು. ಅವಳು ನನ್ನ ಅಂಗಿಯ ಗಿಡ್ಡ ತೋಳನ್ನು ಎಳೆದೆಳೆದು ಮಣಿಕಟ್ಟು ಮುಚ್ಚಿಕೊಳ್ಳುತ್ತಿದ್ದಳು.

ಅರ್ಧ ದಾರಿ ಆದ ಮೇಲೆ, ಮುಂದೆ ಕೂತಿದ್ದ ಭಾವನಿಗೆ ಕೇಳದ ಹಾಗೆ, ಕೇಳಿದೆ.

"ಆ ರಾತ್ರಿ ನಾನು ಅಮ್ಮನ ಹತ್ರ ಏನೇನು ಮಾತಾಡ್ದೆ, ಹೇಳು."

ಅಕ್ಕ ನನ್ನ ಕಡೆ ತಿರುಗಿದಳು. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡು ಹತ್ತಿರ ಸರಿದಳು.

"ಮೊದಲು ನೀನು ಚೆನ್ನಾಗಿ ಬೈಸ್ಕೊಂಡೆ" ಎಂದಳು. "ಯಾವಾಗ್ಲೂ ಇಷ್ಟು ತಡ ಮಾಡಿ ಬರ್ತೀಯ ಅಂತ."